ಚುಕ್ಕಿ ಆದಮ್ಯಾಲೆ ಇಬ್ಬರು

ನಮ್ಮ ಕಾಕಾ ಈ ಭೂಮಿ ಮ್ಯಾಲೆ ನಂಬೋದು ಕುರಿ ಒಂದನ್ನೇ. ಅದನ್ನೂ ಹಲ್ಲು ನೋಡಿದ ಮ್ಯಾಲೆ! ಸೊಸಿ ನೋಡಾಕ ಹೋದಾಗ ಬೀಗರ ಮುಂದ ಕೂತು ಹುಡುಗಿ ಬಾಯಿನೇ ದಿಟ್ಟಿಸಾಕತ್ತಿದ್ದ ಅಂತ ನಮ್ಮ ಕಾಕು ಇವತ್ತಿಗೂ ಹಣಿ ಬಡ್ಕೋತಾಳ. "ನಗತಾಳೋ ಇಲ್ಲೋ ನೋಡಾಕತ್ತಿದ್ದೆ" ಅಂತ ಇಂವ. ಯಾರು ನಂಬಬೇಕು?

ಸುಳ್ಳ್ಯಾಕ ಹೇಳ್ಲಿ, ಇನ್ನೊಬ್ಬನ್ನ ನಂಬತಿದ್ದ. ಗುರುಮಠಕಲ್ ಕಡಿ ಭೀಮಣ್ಣ. ಇಬ್ಬರೂ ಕೂಡಿ ಮೂವತ್ತು ವರ್ಷ ಕುರಿ ವ್ಯಾಪಾರ ಮಾಡಿದರು. ಶಹಾಪುರ, ಸುರಪುರದ ದೊಡ್ಡಿ ದೊಡ್ಡಿ ತಿರುಗಿ ಕುರಿ ಆರಿಸೋದು ಕಾಕಾನ ಕೆಲಸ. ತೆಲುಗಿನವರ ಜೋಡಿ ಮಾತಾಡಿ ಮಾರೋದು ಭೀಮಣ್ಣನ ಕೆಲಸ. "ನನಗ ತೆಲುಗು ಒಂದಕ್ಷರ ಬರೂದಿಲ್ಲ, ಅವಗ ಕುರಿಗೂ ಆಡಿಗೂ ಫರಕು ತಿಳಿಯೂದಿಲ್ಲ, ಅದಕ್ಕ ಜಗಳಿಲ್ಲ" ಅಂತಿದ್ದ ಕಾಕಾ. ಕೊಂಡ ಕುರಿ ಬೆನ್ನಿಗೆ ಗುರುತು ಅಂತ ಎರಡು ಕೆಂಪು ಗೀಟು ಎಳೀತಿದ್ದರು. ಒಂದು ಇಂವಂದು, ಒಂದು ಅಂವಂದು.

ಹೋದ ವರ್ಷ ಭೀಮಣ್ಣ ಎದಿ ಹಿಡಕೊಂಡು ಕೂತವ ಹೊಳ್ಳಿ ಏಳಲಿಲ್ಲ.

ಮಂದಿದೇನು! ಮೂರು ದಿನ ಅತ್ತರು, ನಾಕನೇ ದಿನ ಬುದ್ಧಿ ಹೇಳಾಕ ನಿಂತರು. "ಇನ್ನ ಒಂದೇ ಗೀಟು ಸಾಕಲ್ಲೋ ಯಪ್ಪಾ!" ಕಾಕಾ ಎರಡೇ ಎಳದ. ಒಬ್ಬನೇ ಗುರುಮಠಕಲ್ ಸಂತಿಗೆ ಹೋದ. ಅಲ್ಲಿ ದರ ಬಾಯಿಲೆ ಹೇಳಂಗಿಲ್ಲ, ಟವಲ್ ಮುಚ್ಚಿ ಒಳಗ ಬೆರಳು ಹಿಡಿದು ಮುಗಿಸ್ತಾರ. ಮೂವತ್ತು ವರ್ಷ ಆ ಟವಲ್ಲಿನೊಳಗಿನ ಕೈ ಭೀಮಣ್ಣಂದು. ಅವತ್ತು ಕಾಕಾ ತನ್ನ ಕೈ ಇಟ್ಟ. "ಬೆರಳೇ ಏಳಲಿಲ್ಲವ್ವಾ" ಅಂದ ನನ್ನ ಮುಂದ. ಅಷ್ಟೂ ಕುರಿ ಹೊಳ್ಳಿ ಹೊಡಕೊಂಡು ಬಂದಿದ್ದ.

ಪಾಪ, ಅಲ್ಲೊಬ್ಬ ಹೊಸ ಖರೀದಿದಾರ ಮುರುಕು ಕನ್ನಡದಾಗ ಹೇಳಿದ್ದನಂತ, "ಇಂಟರ್‌ನೆಟ್‌ನ್ಯಾಗ ಹೆಸರು ರಜಿಸ್ಟರ್ ಮಾಡ್ಕೋರಿ, ಅಲ್ಲೇ ವ್ಯಾಪಾರ ಮಾಡೋಣು." ಶಹಾಪುರ ಬಸ್‌ಸ್ಟ್ಯಾಂಡಿನ ಬಾಜೂಕ ಆನ್‌ಲೈನ್ ಸೆಂಟರ್ ನಡಸೋಳು ನಾನು. ಪಹಣಿ, ಹಾಲ್‌ಟಿಕೆಟ್ ತೆಗೆಯೋ ನನ್ನ ಅಂಗಡಿಗೆ ಮರುದಿನ ಮುಂಜಾನಿ ಕಾಕಾ ಬಂದ. ಹಿಂದ ಇಬ್ಬರು ಕುರುಬರು, ಕಂಬಳಿ ಸಮೇತ!

"ಇವರ್ಯಾಕ ಕಾಕಾ?"

"ರಜಿಸ್ಟರ್ ಅಂದ್ರ ಸಾಕ್ಷಿ ಬ್ಯಾಡೇನು?"

ಚಹಾ ಕುಡಿಸಿ ಸಾಕ್ಷಿಗಳನ್ನ ಕಳಿಸಿದೆ. ಆಮ್ಯಾಲೆ ತಿಳಿಸಿ ಹೇಳಿದೆ. ಇಂಟರ್‌ನೆಟ್‌ನ್ಯಾಗಿನ ವಿಳಾಸ ಅಂದ್ರ ಮೊದಲು ನಮ್ಮ ಹೆಸರು, ಆಮ್ಯಾಲೆ ಚುಕ್ಕಿ, ಚುಕ್ಕಿ ಆದಮ್ಯಾಲೆ ಒಂದು ಬಾಲ. ಆ ಬಾಲದಾಗ ನೂರಾರು ನಮೂನಿ, ನಮಗ ಬೇಕಾದ್ದು ಆರಿಸ್ಕೋಬೇಕು. ಆರಿಸೋದು ಅಂದಕೂಡ್ಲೇ ಕಾಕಾ ನೆಟ್ಟಗ ಕೂತ.

"ಡಾಟ್ ಕಾಮ್ ತಗೋ ಕಾಕಾ. ಎಲ್ಲಾರೂ ಅದನ್ನೇ ತಗೋತಾರ."

"ಎಷ್ಟು ವರ್ಷದ್ದು?"

"ಭಾಳ ಹಳೀದು."

"ಹಲ್ಲು ಉದುರಿದ್ದು ಬ್ಯಾಡ."

"ಡಾಟ್ ಇನ್? ನಮ್ಮ ದೇಶದ್ದು."

"ಇಡೀ ದೇಶ ಅದರಾಗ ಮೇಯ್ತದಂದ್ರ ನಮ್ಮ ಕುರಿ ಗುರ್ತು ಹಿಡಿಯೋದ್ಯಾಂಗ?"

ನನಗೂ ಸಿಟ್ಟು ಬಂತು. ಹೊರಗ ಹತ್ತು ಮಂದಿ ಪಾಳಿ ಹಚ್ಚಿದ್ದರು. ಪಟ್ಟಿ ಗಡಗಡ ಓದಿದೆ. ಡಾಟ್ ಶಾಪ್, ಡಾಟ್ ಫಾರ್ಮ್, ಡಾಟ್ ಪಾರ್ಟ್ನರ್ಸ್...

"ನಿಂದ್ರು! ಅದೇನದು?"

"ಪಾಲುದಾರರು ಅಂತ. ಕೂಡಿ ವ್ಯಾಪಾರ ಮಾಡೋರು ತಗೊಳ್ಳೋ ಬಾಲ."

ಕಾಕಾ ಮೆತ್ತಗ ಕೇಳಿದ, "ಇಬ್ಬರೂ ಬರಬೇಕೇನು?"

"ಯಾರೂ ಕೇಳೂದಿಲ್ಲ. ಆದ್ರ ಕಾಕಾ..." ನನ್ನ ನಾಲಿಗಿ ಸುಡಲಿ, ಅಂದೇಬಿಟ್ಟೆ, "ಭೀಮಣ್ಣ ಇಲ್ಲಲ್ಲ, ಈಗ್ಯಾಕ ಪಾರ್ಟ್ನರ್ಸ್?"

"ಒಂದು ಗೀಟಿನ ಕುರಿ ನಮ್ಮದಲ್ಲವ್ವಾ" ಅಂದ. ಅಷ್ಟೇ. ನಾ ಪಟ್ಟ್ಯಾಗ ಅದನ್ನೇ ಒತ್ತಿದೆ.

ಇನ್ನ ಹೆಸರು. ಪಾಳಿಯವರು ಕಿವಿ ಕೊಟ್ಟು ನಿಂತಾರಂತ ಇವಗ ಗುಮಾನಿ. ಬಾಯಿಬಿಟ್ರ ಯಾರಾರ ಹೊಡಕೊಂಡು ಹೋದ್ರ? ಹೆಗಲ ಮ್ಯಾಲಿನ ಟವಲ್ ತಗದು ಕೀಬೋರ್ಡಿಗೆ ಹೊಚ್ಚಿದ, ನನ್ನ ಕೈ ಸಮೇತ!

"ಅಕ್ಷರ ಕಾಣದ ಟೈಪ್ ಹ್ಯಾಂಗ ಹೊಡೀಲಿ ಕಾಕಾ?"

"ಭೀಮಣ್ಣ ಮೂವತ್ತು ವರ್ಷ ಟವಲ್ಲಿನೊಳಗೇ ವ್ಯಾಪಾರ ಮುಗಿಸ್ಯಾನ. ನೀ ಇಷ್ಟು ಓದಿ ಏನು ಬಂತು?"

ಕಿವ್ಯಾಗ ಹೇಳಿದ, ಎರಡುಗೀಟು. ಮೂರು ಸಲ ತಪ್ಪಿ ನಾಕನೇ ಸಲ ಹೊಡದೆ. ಎರಡುಗೀಟು ಡಾಟ್ ಪಾರ್ಟ್ನರ್ಸ್. ಖಾಲಿ ಇತ್ತು. ಇರದೇನು, ನಮ್ಮ ಕಾಕಾನ್ನ ಬಿಟ್ಟು ಜಗತ್ತಿನ್ಯಾಗ ಯಾರಿಗೆ ಬೇಕಾಗಿತ್ತು?

ಮೊಬೈಲ್ ನಂಬರ್ ಕೇಳಿತು. ಕಾಕಾ ಹೇಳಿದ ನಂಬರ್ ಕಾಕಾಂದಲ್ಲ.

"ಭೀಮಣ್ಣಂದು ಹಾಕು."

"ಕಾಕಾ! ಓಟಿಪಿ ಆ ಫೋನಿಗೆ ಬರ್ತದ. ಅದನ್ನ ಯಾರು ನೋಡಬೇಕು?"

"ಹಾಕವ್ವಾ."

ಹಾಳಾಗಿ ಹೋಗಲಿ ಅಂತ ಒತ್ತಿದೆ. ಕಾಕಾನ ಒಳಗಿಸೆದಾಗ ಏನೋ ಗುಂಯ್ ಅಂತು. ರಬ್ಬರ್ ಸುತ್ತಿದ ಹಳೇ ಬಟನ್ ಫೋನು ತಗದ. ಚಾರ್ಜ್ ಪೂರಾ ಇತ್ತು.

"ಅವನ ಹೆಂಡತಿ ಕೊಟ್ಟಾಳ" ಅಂದ. "ದಿನಾ ಚಾರ್ಜಿಗೆ ಹಚ್ತೀನಿ. ನೀ ಬೈತಿ ಅಂತ ರಿಚಾರ್ಜ್ ಬಾಜೂ ಊರು ಭೀಮರಾಯನಗುಡ್ಯಾಗ ಮಾಡಸ್ತೀನಿ. ಯಾರಾರ ಫೋನ್ ಹಚ್ಚಿದ್ರ ಇಲ್ಲ ಅನಬಾರದಲ್ಲ."

ಕಾಕಾಗ ಓದಾಕ ಬರೂದಿಲ್ಲ. ಫೋನು ನನ್ನ ಕಡೆ ಚಾಚಿದ.

"ಏನಂದಾನವ್ವಾ ಭೀಮಣ್ಣ?"

ಆರು ಅಂಕಿ. ನನಗ ಒಂದೂ ಕಾಣವಲ್ದು, ಕಣ್ಣು ತುಂಬಿದ್ದವು.

"ಹೂಂ ಅಂದಾನ ಕಾಕಾ" ಅಂದೆ.

ಟವಲ್ ಇನ್ನೂ ನನ್ನ ಕೈ ಮ್ಯಾಲೇ ಇತ್ತು. ಅದರೊಳಗ ಕಾಕಾನ ಕೈ ಬಂದು ನನ್ನ ಬೆರಳು ಹಿಡಕೊಂತು. ಭಾಳ ಹೊತ್ತು ಬಿಡಲಿಲ್ಲ.