ಅರ್ಧ ಮುಳುಗಿದ್ರ ಏನು ಕೊಡ್ತೀರಿ?

ನಮ್ಮ ಮಾವನಷ್ಟು ಧೈರ್ಯವಂತರು ಬಳ್ಳಾರಿ ಜಿಲ್ಲೆಯಲ್ಲೇ ಇಲ್ಲ. ಇದು ನನ್ನ ಮಾತಲ್ಲ, ಅವರದೇ. ನಾನೂ ಒಪ್ಪುತ್ತೇನೆ. ಏನಾದರೊಂದು ಆಗಿಹೋದ ಮೇಲೆ ಅವರು ಎಳ್ಳಷ್ಟೂ ಹೆದರುವುದಿಲ್ಲ. ಆಗುವುದಕ್ಕೆ ಮುಂಚೆ ಮಾತ್ರ ಹೆದರುತ್ತಾರೆ!

ಮಾವ ಎಂದರೆ ನಮ್ಮ ತಾಯಿಯ ತಮ್ಮ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ ಅವರದು. ಬಸ್ಸು ಹತ್ತಿದರೆ ಟಿಕೆಟ್ ತೆಗೆಸುವುದಕ್ಕೂ ಮೊದಲು ಡ್ರೈವರನ ಹತ್ತಿರ ಹೋಗಿ, ‘ರಾತ್ರಿ ನಿದ್ದಿ ಆಗೈತೇನಪಾ?’ ಎಂದು ವಿಚಾರಿಸುತ್ತಾರೆ. ಮದುವೆಗೆ ಹೋದರೆ ಹೆಣ್ಣು ಗಂಡನ್ನು ಆಮೇಲೆ ನೋಡುತ್ತಾರೆ, ಮೊದಲು ಪೆಂಡಾಲಿಗೆ ಹಿಂದಿನಿಂದ ದಾರಿ ಇದೆಯೇ ಎಂದು ನೋಡುತ್ತಾರೆ. ಅವರ ಹತ್ತಿರ ಛತ್ರಿ ಕೂಡ ಎರಡು. ನಮ್ಮ ಬಳ್ಳಾರಿಯಲ್ಲಿ ಛತ್ರಿ ಹಿಡಿಯುವುದೇ ಬಿಸಿಲಿಗೆ, ಇನ್ನೊಂದು ಯಾಕೆ ಮಾವ ಅಂದರೆ, ‘ಬಿಸಿಲಿಗೆ ಸುಟ್ಟ ಬಟ್ಟಿ ಮಳಿ ತಡೀತೈತೇನು?’ ಅನ್ನುತ್ತಾರೆ. ಏನು ಹೇಳುತ್ತೀರಿ ಇದಕ್ಕೆ?

ಇಷ್ಟೆಲ್ಲ ಭದ್ರತೆ ಬೇಡುವ ಮನುಷ್ಯ ತಾನು ಮಾತ್ರ ಗಿರಾಕಿಗಳಿಗೆ ಒಂದು ದಿನದ ಗ್ಯಾರಂಟಿಯನ್ನೂ ಕೊಡುವುದಿಲ್ಲ. ‘ಕರೆಂಟಿಗೇ ಗ್ಯಾರಂಟಿ ಇಲ್ಲ, ನಾ ಎಲ್ಲಿಂದ ತಂದು ಕೊಡ್ಲಿ?’ ಎಂದು ಬೈದು ಕಳಿಸುತ್ತಾರೆ. ಆದರೂ ಜನ ಅವರ ಹತ್ತಿರವೇ ಬರುತ್ತಾರೆ.

ಇಂಥವರಿಗೆ ಸಿಕ್ಕ ನಮ್ಮ ಅತ್ತೆಯೋ, ಗಟ್ಟಿಗಿತ್ತಿ. ಸರ್ಕಾರಿ ಶಾಲೆಯಲ್ಲಿ ಹೆಡ್‌ಮಿಸ್ ಆಗಿ ನಿವೃತ್ತಿಯಾದವರು. ಹೋದ ವರ್ಷ ಎದೆನೋವು ಬಂದು ಹೃದಯಕ್ಕೆ ಸ್ಟೆಂಟ್ ಹಾಕಿದರು. ಆಪರೇಷನ್ ಥಿಯೇಟರಿಗೆ ಹೋಗುವಾಗಲೂ ನರ್ಸಮ್ಮನ ಕನ್ನಡದ ಒತ್ತಕ್ಷರ ತಿದ್ದಿದ ಹೆಣ್ಣುಮಗಳು! ಮಾವ ಹೊರಗೆ ನಿಂತು ಡಾಕ್ಟರನ್ನು ಹಿಡಿದು, ‘ಸ್ಪ್ರಿಂಗು ಯಾವ ಕಂಪನೀದ್ರಿ? ತಂತಿ ಎಷ್ಟು ಗೇಜಿಂದು?’ ಎಂದು ಕೇಳಿದ್ದರು. ಅವತ್ತಿನಿಂದ ಇವತ್ತಿನವರೆಗೆ ಅವರ ಬಾಯಲ್ಲಿ ಹೃದಯ ಎಂಬ ಮಾತು ಬಂದಿಲ್ಲ. ಅದು ‘ಸ್ಪ್ರಿಂಗು’ ಅಷ್ಟೇ.

ಈ ಬೇಸಿಗೆಯಲ್ಲಿ ಅತ್ತೆ ತಮ್ಮ ಜೊತೆಗಿದ್ದ ಟೀಚರುಗಳೊಂದಿಗೆ ಸೇರಿ ಹಡಗಿನ ಪ್ರವಾಸಕ್ಕೆ ಹೆಸರು ಬರೆಸಿಬಿಟ್ಟರು. ಸಿಂಗಾಪುರದಲ್ಲಿ ಹಡಗು ಹತ್ತುವುದು, ಸಮುದ್ರದ ಮೇಲೆ ಸುತ್ತಿ ಬರುವುದು. ಮಾವನನ್ನು ಕೇಳಲೂ ಇಲ್ಲ, ಅವರ ಹೆಸರನ್ನೂ ಬರೆಸಿದರು. ‘ಭೂಮಿ ಮ್ಯಾಲೆ ಮುಕ್ಕಾಲು ಪಾಲು ನೀರೈತಿ ಅಂತ ಮಕ್ಕಳಿಗೆ ಬಾಯಿಪಾಠ ಮಾಡ್ಸೇ ನಿವೃತ್ತಿ ಆದೆ. ನಾ ನೋಡಿದ್ದು ಬರೇ ಕಾಲುವಿ! ಡಾಕ್ಟರು ಹೋಗಿ ಬರ್ರಿ ಅಂದಾರ. ನಾ ಹೋಗಾಕಿ!’

ಟೂರಿನವರದು ಒಂದೇ ಷರತ್ತು. ಶುಕ್ರವಾರದೊಳಗೆ ಪ್ರಯಾಣದ ವಿಮೆ ಮಾಡಿಸಿ ಕಾಗದ ಕೊಡಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ. ಆ ಕೆಲಸವನ್ನು ಅತ್ತೆ ಮಾವನಿಗೆ ಒಪ್ಪಿಸಿದರು. ಕಾರು ಓಡಿಸುವ ಕೆಲಸವನ್ನು ನನಗೆ ಒಪ್ಪಿಸಿದರು. ನಾನು ಪಾಠ ಮಾಡುವ ಕಾಲೇಜಿಗೆ ರಜೆ, ಬೆಳಿಗ್ಗೆ ಹತ್ತಕ್ಕೇ ಡಾಂಬರು ಕರಗುವ ಬಿಸಿಲು, ಮಗ್ಗುಲಲ್ಲಿ ಮಾವ. ನನ್ನ ಗ್ರಹಚಾರ ನೋಡಿ! ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತಿ ಒತ್ತಿ ನನ್ನ ಕಾರಿನ ಮ್ಯಾಟು ಹರಿದವರು ಅವರು.

ಮೊದಲು ಹೋದದ್ದು ಟೂರಿನವರ ಆಫೀಸಿಗೇ. ‘ವಿಮೆ ನಮ್ಮ ಹತ್ರಾನ ಐತಿ ಸಾರ್. ಟಿಕೆಟ್ ಜೊತೀಗೇ ಮಾಡಿಬಿಡ್ತೀವಿ,’ ಅಂದರು ಅಲ್ಲಿಯವರು. ಮುಗಿಯಿತಲ್ಲ ಎಂದು ನಾನು ಪರ್ಸಿಗೆ ಕೈ ಹಾಕಿದೆ. ಮಾವ ತಡೆದರು.

‘ಅಲ್ಲಪಾ, ಹಡಗೂ ನಿಮ್ದ, ವಿಮೀನೂ ನಿಮ್ದ. ಹಡಗು ಮುಳುಗಿದ್ರ ಕೊಡೋರು ಯಾರು? ನೀವೂ ನಮ್ಮ ಬಾಜೂಕ ಈಸ್ತಿರ್ತೀರಿ!’

ಆ ಮನುಷ್ಯ ತೆಗೆದ ಫಾರ್ಮನ್ನು ಮತ್ತೆ ಡ್ರಾಯರಿನೊಳಗಿಟ್ಟ. ಮಾವನ ಮಾತು ನನಗೂ ಸರಿ ಅನ್ನಿಸಿದ್ದು ನನ್ನ ಸಂಕಟ. ‘ಹೋಗ್ಲಿ, ಫೋನಿನಲ್ಲೇ ತಗೊಂಡುಬಿಡೋಣ ಮಾವ, ಕೂತಲ್ಲೇ ಆಗತೈತಿ,’ ಎಂದೆ. ‘ಫೋನಿನ್ಯಾಗ ತಗೊಂಡ್ರ ನಾಳೆ ಜಗಳ ಆಡಾಕ ಯಾರ ಮನೀಗೆ ಹೋಗ್ಲಿ?’ ಎಂದರು. ಜಗಳಕ್ಕೆ ವಿಳಾಸ ಬೇಕಂತೆ!

ಅಂಗಡಿಗೆ ಮರಳಿದೆವು. ಪಕ್ಕದ ಅಂಗಡಿಯ ಟೇಲರ್ ಚಾಚಾ ಹೊಲಿಗೆ ನಿಲ್ಲಿಸಿ ವಿಷಯ ಕೇಳಿದರು. ‘ವಿಮಾ ಯಾಕ ಭಾಯ್? ದೇವರ ಹತ್ರ ದುವಾ ಮಾಡ್ರಿ, ಸಾಕು.’

‘ದುವಾಕ್ಕ ರಸೀದಿ ಇರಂಗಿಲ್ಲಲ್ಲ ಚಾಚಾ!’

‘ರಸೀದಿ ಹಿಡ್ಕೊಂಡು ಸಮುದ್ರದಾಗ ಈಸಾಕ ಬರ್ತೈತೇನು?’

ಮಾವ ಕುಸಿದು ಕುಳಿತರು. ವಿಮೆಯೇ ಬೇಡ ಎಂದು ತೀರ್ಮಾನವಾಯಿತು. ಚಹಾ ಮುಗಿಯುವಷ್ಟರಲ್ಲಿ ಬೇಕು ಎಂದಾಯಿತು. ನಾನು ಕಾರಿನ ಕೀಲಿ ತಿರುಗಿಸುವಾಗ ಬೇಡ. ಗೇರು ಹಾಕುವಾಗ ಬೇಕು. ಹೀಗೆ ಬೇಕು ಬೇಡಗಳ ನಡುವೆಯೇ ಒಂದು ವಿಮಾ ಆಫೀಸಿನ ಮುಂದೆ ಕಾರು ನಿಲ್ಲಿಸಿದೆ.

ಅಲ್ಲಿದ್ದ ಹುಡುಗಿ ಬಹಳ ಒಳ್ಳೆಯವಳು. ಕುಡಿಯಲು ನೀರು ಕೊಟ್ಟು, ದವಾಖಾನೆ ಖರ್ಚು ಹೇಗೆ, ಸಾಮಾನು ಕಳೆದರೆ ಹೇಗೆ ಎಂದು ತಾಳ್ಮೆಯಿಂದ ವಿವರಿಸಿದಳು. ಮಾವ ಎಲ್ಲಕ್ಕೂ ತಲೆಯಾಡಿಸಿ ಕೊನೆಗೆ ಕೇಳಿದರು:

‘ಅದೆಲ್ಲ ಇರ್ಲವ್ವ. ಹಡಗು ಅರ್ಧ ಮುಳುಗಿದ್ರ ಏನು ಕೊಡ್ತೀರಿ?’

‘ಅರ್ಧ ಅಂದ್ರೆ ಅಂಕಲ್?’

‘ಪೂರಾ ಮುಳುಗಲಿಲ್ಲ. ಅಷ್ಟಕ್ಕ ನಿಂತು ಬಿಡ್ತು. ನಮಗ ಸೊಂಟದ ಮಟ ನೀರು. ಆವಾಗ?’

ಹುಡುಗಿ ಎದ್ದು ಒಳಗೆ ಮ್ಯಾನೇಜರನ್ನು ಕೇಳಲು ಹೋದಳು. ಮ್ಯಾನೇಜರು ಬಾಗಿಲಿನಿಂದ ಇಣುಕಿ, ಹೀಗೆ ಕೇಳಿದ ಪುಣ್ಯಾತ್ಮ ಯಾರು ಎಂದು ನೋಡಿ ಮತ್ತೆ ಒಳಗೆ ಹೋದರು. ನಾನು ನೆಲ ನೋಡುತ್ತಾ ಕುಳಿತೆ. ಹುಡುಗಿ ಬಂದವಳೇ ಮಾತು ಬದಲಿಸಿ, ‘ಆಂಟಿಗೆ ಬಿಪಿ, ಶುಗರು, ಹಾರ್ಟಿಂದು ಏನಾದ್ರೂ ತೊಂದ್ರೆ ಐತೇನ್ರಿ?’ ಎಂದಳು.

ಮಾವ ದಡಕ್ಕನೆ ಎದ್ದರು. ‘ಬಂದೆ, ಒಂದೀಟು ನೀರು ಕುಡದು ಬರ್ತೀನಿ,’ ಎಂದು ಹೊರಗೆ ನಡೆದರು. ಅವರ ಮುಂದೆಯೇ ತುಂಬಿದ ಲೋಟ ಇತ್ತು. ನಾನು ಹೊರಗೆ ಹೋಗಿ ನೋಡಿದರೆ ಬೇವಿನ ಮರದ ಕೆಳಗೆ ಅತ್ತಿಂದಿತ್ತ ಇತ್ತಿಂದತ್ತ ಓಡಾಡುತ್ತಿದ್ದಾರೆ.

‘ಬ್ಯಾಡ ಸೊಸಿ, ಇದು ಸರಿ ಇಲ್ಲ. ಅವರ ಫ್ಯಾನಿನ ಸಪ್ಪಳ ಕೇಳಿದಿ? ಬೇರಿಂಗ್ ಹೋಗೈತಿ. ತಲಿ ಮ್ಯಾಲಿನ ಫ್ಯಾನ್ ನೋಡ್ಕಳ್ಳದೋರು ಸಮುದ್ರದಾಗ ನಮ್ಮನ್ನೇನು ನೋಡ್ತಾರ? ನಡಿ, ಸಿರುಗುಪ್ಪಕ್ಕ ಹೋಗಾಮು.’

ಸಿರುಗುಪ್ಪದಲ್ಲಿ ಅತ್ತೆಯ ತಮ್ಮ ಇದ್ದಾರೆ. ಭತ್ತದ ಗದ್ದೆ ಮಾಡಿಕೊಂಡು, ಜೊತೆಗೆ ಟ್ರ್ಯಾಕ್ಟರು ಎಮ್ಮೆಗಳಿಗೆ ವಿಮೆ ಮಾಡಿಸುವ ಏಜೆಂಟರೂ ಹೌದು. ‘ಅವ ಎಮ್ಮಿ ಸತ್ರ ರೊಕ್ಕ ಕೊಡಿಸ್ಯಾನ. ನಾನೇ ಕಣ್ಣಾರೆ ಕಂಡೀನಿ,’ ಎನ್ನುವುದು ಮಾವನ ವಿಶ್ವಾಸ. ಗುರುವಾರ ಬೆಳಿಗ್ಗೆ ಹೊರಟೆವು. ದಾರಿಯುದ್ದಕ್ಕೂ ನನ್ನ ಮ್ಯಾಟಿನ ಮೇಲೆ ಬ್ರೇಕು ಬೀಳುತ್ತಲೇ ಇತ್ತು.

‘ರಾ ಬಾವಾ, ರಾ!’ ಎಂದು ಅತ್ತೆಯ ತಮ್ಮ ತೆಲುಗಿನಲ್ಲಿ ಕರೆದು, ಕನ್ನಡದಲ್ಲಿ ಕೂರಿಸಿ, ಊಟಕ್ಕೆ ಎಲೆ ಹಾಕಿಸಿದರು. ಬಿಸಿ ಅನ್ನ, ಪುಂಡಿಸೊಪ್ಪಿನ ಗೋಂಗುರ ಚಟ್ನಿ, ಮೇಲೆ ತುಪ್ಪ. ಮಾವ ಉಣ್ಣುತ್ತಲೇ ತನಿಖೆ ಶುರುಮಾಡಿದರು.

‘ಎಮ್ಮಿಗೆ ವಿಮಾ ಮಾಡಿದ್ರ ಗುರುತಿಗೆ ಕಿವಿಗೆ ಬಿಲ್ಲಿ ಹೊಡೀತೀರಲ್ಲ, ನಮಗ ಹ್ಯಾಂಗ?’

‘ನಿಮಗ ಪಾಸ್‌ಪೋರ್ಟು ಐತಲ್ಲ ಬಾವಾ, ಬಿಲ್ಲಿ ಯಾಕ?’

ಮಾವನಿಗೆ ಸಮಾಧಾನವಾಗಿ ಇನ್ನೊಂದು ತುತ್ತು ಕಲಸಿದರು. ನನಗೂ ಜೀವ ಬಂತು. ಅಷ್ಟರಲ್ಲಿ ಆ ಮಹಾರಾಯರು ದನಿ ತಗ್ಗಿಸಿ, ‘ಒಂದಾ ಮಾತು ಬಾವಾ. ಅಕ್ಕನ ಸ್ಟೆಂಟಿನ ಸುದ್ದಿ ಎತ್ತಬ್ಯಾಡ್ರಿ. ಸುಮ್ನ ಕಿರಿಕಿರಿ. ಎಮ್ಮಿ ಕೆಮ್ಮಿದ್ದನ್ನ ಫಾರ್ಮಿನ್ಯಾಗ ಯಾರರ ಬರಸ್ತಾರೇನು? ಹೊರಗಿಂದ ನೋಡಿದ್ರ ಗೊತ್ತಾಕೈತೇನು?’ ಅಂದರು.

ಮಾವನ ಕೈ ಎಲೆಯಲ್ಲೇ ನಿಂತಿತು.

‘ಲೇ, ನಿಮ್ಮಕ್ಕ ಎಮ್ಮೀ ಏನಲೇ?’

‘ಅಯ್ಯ, ಹಂಗಲ್ಲ ಬಾವಾ...’

‘ಹೆಂಗೂ ಇಲ್ಲ! ಒಳಗ ಸುಟ್ಟ ಮೋಟಾರನ್ನ ಮ್ಯಾಲೆ ಬಣ್ಣ ಬಳದು ಚಲೋ ಐತಿ ಅಂತ ನಾ ಯಾರಿಗರ ಕೊಟ್ಟೀನೇನು? ಅಲ್ಲಿ ನಡುನೀರಿನ್ಯಾಗ ಆಕಿಗೆ ಏನರ ಆಗಿ, ನೀವು ಸುಳ್ಳು ಹೇಳೀರಿ ಅಂತ ಅವರು ಕೈ ಎತ್ತಿದ್ರ? ಆವಾಗ ನಾ ಆಕೀನ ಎಲ್ಲಿ ಹೊತಕೊಂಡು ಹೋಗ್ಲಿ?’

ಎದ್ದೇಬಿಟ್ಟರು. ತುಪ್ಪ ಹಾಕಿದ ಅನ್ನ ಬಿಟ್ಟು ಏಳುವುದು ಎಂದರೇನು! ನಾನು ನಾಚಿಕೆ ಬಿಟ್ಟು ಇನ್ನೆರಡು ತುತ್ತು ಉಂಡೇ ಎದ್ದೆ.

ಕಾರಿನಲ್ಲಿ ನನ್ನ ತಾಳ್ಮೆ ಕೆಟ್ಟಿತು. ‘ನಾಳೆ ಶುಕ್ರವಾರ ಮಾವ! ಬಳ್ಳಾರಿ ಬ್ಯಾಡ, ಸಿರುಗುಪ್ಪ ಬ್ಯಾಡ, ಫೋನು ಬ್ಯಾಡ. ಅತ್ತಿ ಹೋಗೋದು ನಿಮಗ ಇಷ್ಟ ಇಲ್ಲ ಅಂದ್ರ ಹಂಗಂತ ಹೇಳಿಬಿಡ್ರಿ!’ ಎಂದು ಕೂಗಾಡಿದೆ. ಮಾವ ಕಿಟಕಿಯ ಕಡೆ ಮುಖ ತಿರುಗಿಸಿ, ‘ಕುರುಗೋಡಿಗೆ ತಿರುಗಿಸು. ದೇವರನ್ನ ಕೇಳೇಬಿಡಾಮು,’ ಎಂದರು.

ಕುರುಗೋಡಿನಲ್ಲಿ ದೊಡ್ಡ ಬಸವೇಶ್ವರನ ಗುಡಿಗೆ ಕೈಮುಗಿದರು, ಕೇಳಲಿಲ್ಲ. ‘ಇಲ್ಲಿ ಭಾಳ ಮಂದಿ ಕೇಳಾವ್ರು. ಗದ್ಲದಾಗ ನಮ್ಮ ಮಾತು ಅವಗ ಕೇಳಸ್ತೈತೋ ಇಲ್ಲೋ,’ ಎಂದು ಓಣಿಯೊಳಗಿನ ಮನೆದೇವರ ಸಣ್ಣ ಗುಡಿಗೆ ಕರೆದೊಯ್ದರು. ಅಲ್ಲಿ ಹೂವಿನ ಪ್ರಸಾದ ಕೇಳುವ ಪದ್ಧತಿ. ಪೂಜಾರಿ ಒದ್ದೆ ಹೂವನ್ನು ದೇವರಿಗೆ ಅಂಟಿಸುತ್ತಾರೆ, ನೀವು ಕೇಳಿಕೊಂಡು ಕೂರಬೇಕು. ಹೂವು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ.

ಮಾವ ಕೂತವರೇ, ‘ಫ್ಯಾನ್ ಬಂದ್ ಮಾಡ್ರಿ ಸ್ವಾಮೇರ. ಗಾಳಿಗೆ ಬಿದ್ರ ಅದು ದೇವರ ಮಾತಲ್ಲ,’ ಎಂದರು. ಆ ಸೆಕೆಯಲ್ಲಿ ಫ್ಯಾನು ನಿಂತಿತು. ಪೂಜಾರಿಯ ಮುಖವೂ ಬಾಡಿತು. ಮಾವ ಗಟ್ಟಿಯಾಗಿಯೇ ಕೇಳಿದರು: ‘ತಂದೀ, ವಿಮಾ ಬೇಕೋ?’ ಹೂವು ಬಲಕ್ಕೆ ಬಿತ್ತು. ‘ಬಳ್ಳಾರಿಯೊಳಗೋ, ಸಿರುಗುಪ್ಪದಾಗೋ, ಇಲ್ಲಾ ಫೋನಿನ್ಯಾಗೋ?’

ಪೂಜಾರಿ ಬೆವರು ಒರೆಸಿಕೊಂಡು, ‘ಹೌದು ಅಲ್ಲ ಅನ್ನೋದಷ್ಟ ಕೇಳ್ರಿ ಯಜಮಾನ್ರ. ದೇವರು ಏಜೆಂಟ್ ಅಲ್ಲ!’ ಎಂದರು.

‘ಹಂಗಾರ ಬಳ್ಳಾರಿಯೊಳಗ?’ ಮತ್ತೆ ಬಲಕ್ಕೆ. ನಾನು ಬದುಕಿದೆ ಎಂದು ಎದ್ದು ನಿಂತೆ. ಮಾವ ಏಳಲಿಲ್ಲ. ‘ಇನ್ನೊಂದೈತಿ,’ ಎಂದರು. ಪೂಜಾರಿ ಬೇರೆ ಹೂವು ಅಂಟಿಸಿದರು. ಈ ಸಲ ಮಾವ ಗಟ್ಟಿಯಾಗಿ ಕೇಳಲಿಲ್ಲ. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದರು. ಫ್ಯಾನು ನಿಂತಿದ್ದರಿಂದ ನನಗೆ ಕೇಳಿಬಿಟ್ಟಿತು.

‘ಆಕೀನ ವಾಪಸ್ ಮನೀಗೆ ಕರಕೊಂಡು ಬರ್ತೀನಾ, ತಂದೀ?’

ಹೂವು ಸ್ವಲ್ಪ ಜಾರಿತು. ಕಣ್ಣು ಬಿಟ್ಟು ಅದನ್ನು ನೋಡಿದ ಮಾವ, ‘ತೆಗೀರಿ! ಹೂ ತೆಗೀರಿ ಸ್ವಾಮೇರ! ನನಗ ಗೊತ್ತಾಗೋದು ಬ್ಯಾಡ!’ ಎಂದು ಕೂಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಪೂಜಾರಿ ಗಾಬರಿಯಾಗಿ ಬೀಳುವ ಹೂವನ್ನು ಬೀಳುವ ಮೊದಲೇ ತೆಗೆದರು. ಅದು ಎತ್ತ ಬೀಳುತ್ತಿತ್ತೋ ಆ ದೇವರಿಗೇ ಗೊತ್ತು. ಹಡಗು, ಫ್ಯಾನು, ಬೇರಿಂಗು, ಎಮ್ಮೆ ಎಂದು ನಾಲ್ಕು ದಿಕ್ಕಿಗೆ ಓಡುತ್ತಿದ್ದ ಮನುಷ್ಯ ಯಾವುದರಿಂದ ಓಡುತ್ತಿದ್ದರು ಎಂದು ನನಗೆ ಆಗ ತಿಳಿಯಿತು.

ಬಳ್ಳಾರಿಯವರೆಗೆ ಮಾವ ಒಂದು ಸಲವೂ ಬ್ರೇಕು ಒತ್ತಲಿಲ್ಲ. ಊರು ಬಂದಾಗ, ‘ಆ ಹುಡುಗಿ ಆಫೀಸು ಇನ್ನೂ ತೆಗದಿರ್ತೈತೇನು?’ ಎಂದರು. ತೆರೆದಿತ್ತು. ಮಾವ ತಾವೇ ಅವಳ ಮುಂದೆ ಕೂತು ಎಲ್ಲ ಹೇಳಿದರು: ಎದೆನೋವು ಬಂದ ದಿನ, ಸ್ಪ್ರಿಂಗಿನ ಕಂಪನಿ, ಅದರ ಗೇಜು, ಯಾವ ಗುಳಿಗೆ ಊಟಕ್ಕೆ ಮೊದಲು, ಯಾವುದು ಆಮೇಲೆ. ಡಾಕ್ಟರ ಚೀಟಿ ತೋರಿಸಿ, ಸ್ವಲ್ಪ ಹೆಚ್ಚು ಕಟ್ಟಿದರೆ ಹೃದಯದ ತೊಂದರೆಗೂ ವಿಮೆ ಸಿಗುತ್ತದೆ ಎಂದಳು ಅವಳು. ‘ಎಷ್ಟರ ಆಗ್ಲಿ, ಮಾಡವ್ವ,’ ಎಂದರು ಮಾವ. ಎಷ್ಟು ಎಂದು ಕೇಳಲೂ ಇಲ್ಲ. ಆಫೀಸಿನಲ್ಲಿ ಕೂತು ಇಡೀ ಪಾಲಿಸಿಯನ್ನು ಅವರಿಗೆ ಓದಿ ಹೇಳಿದವಳು ನಾನೇ.

ಮನೆಗೆ ಹೋದಾಗ ಅತ್ತೆ ಸೂಟ್‌ಕೇಸಿನ ಮುಂದೆ ಸೀರೆ ಮಡಿಸುತ್ತಿದ್ದರು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದರು. ಅಷ್ಟು ಗಟ್ಟಿ ಹೆಂಗಸಿನ ದನಿ ಅವತ್ತು ಸಣ್ಣಗಿತ್ತು.

‘ಸಿಕ್ತೇನ್ರಿ?’

‘ಸಿಕ್ತು,’ ಎಂದು ಮಾವ ಗದರಿದರು. ‘ಆದ್ರ ಕಂಪನಿಯೋರದು ಒಂದು ಕಂಡೀಷನ್ ಐತಿ. ಹಡಗು ಹತ್ತಿದಾಗಿಂದ ಇಳಿಯೋ ಮಟ ಹೆಂಡತಿ ಗಂಡನ ಕೈ ಬಿಡಂಗಿಲ್ಲ. ಬಿಟ್ರ ಪಾಲಿಸಿ ಕ್ಯಾನ್ಸಲ್!’

ಅತ್ತೆ ಕನ್ನಡಕ ಸರಿಮಾಡಿಕೊಂಡು ನನ್ನತ್ತ ತಿರುಗಿದರು. ‘ಹೌದೇನ?’

ನಾನು ಪಾಲಿಸಿಯ ಕಾಗದವನ್ನು ಮೆಲ್ಲಗೆ ಬ್ಯಾಗಿನೊಳಗೆ ತಳ್ಳಿದೆ.

‘ಹೌದತ್ತಿ,’ ಎಂದೆ. ‘ಬರದಾರ. ನಾನೇ ಓದೀನಿ.’

ಅತ್ತೆ ಸೀರೆಯನ್ನು ಪಕ್ಕಕ್ಕಿಟ್ಟು, ‘ಹಂಗಾರ ಈಗಿಂದಾನ ರೂಢಿ ಮಾಡ್ಕೋಬೇಕು,’ ಎಂದು ಕೈ ಚಾಚಿದರು.