ಚೆಲ್ಲಿದ ಚಹಾ ಒರೆಸುವ ವ್ಯವಸ್ಥೆ

ಮಿನೊಸಾಕಿ ನಗರದ ಕಲಾಮಂದಿರದ ಆಯ್ಕೆ ಸಮಿತಿಯು ಕಲಾವಿದೆ ಚಿಗುಸಾ ನೆಜು ತೆಗೆದ ವಿಡಿಯೊವನ್ನು ಪೂರ್ತಿ ನೋಡಿತು. ಅದರಲ್ಲಿ ಗಂಡಸರು ಸಭೆ ನಡೆಸುತ್ತಾರೆ. ಹೆಂಗಸೊಬ್ಬಳು ಚಹಾ ಬಗ್ಗಿಸುತ್ತಾಳೆ. ಬಟ್ಟಲು ತುಂಬಿದರೂ ನಿಲ್ಲಿಸುವುದಿಲ್ಲ. ಚಹಾ ಮೇಜಿನಿಂದಿಳಿದು ನೆಲ ಸೇರುತ್ತದೆ. ಸಭೆ ಮುಂದುವರಿಯುತ್ತದೆ.

ಸಮಿತಿಯಲ್ಲೂ ಗಂಡಸರೇ. ಕಚೇರಿಯ ಸಿಬ್ಬಂದಿ ಇಕುಯೊ ಎಲ್ಲರಿಗೂ ಚಹಾ ಕೊಟ್ಟು ಹೋಗಿದ್ದಳು. ಹಿರಿಯರು ಬಾಯಿ ಬಿಡುವ ಮೊದಲು ಉಳಿದವರು ಮಾತಾಡುವ ಪದ್ಧತಿ ಇಲ್ಲ. ಅಧ್ಯಕ್ಷ ತೊಕುನಾಗಾ ಕಣ್ಣು ಮುಚ್ಚಿ ಯೋಚಿಸಿದರು. ಉಳಿದವರೂ ಕಣ್ಣು ಮುಚ್ಚಿದರು.

"ನೆಜು ಸಾನ್, ಚೆನ್ನಾಗಿದೆಯಮ್ಮ. ಆದ್ರೆ ಚೆಲ್ಲಿದ್ದನ್ನ ಯಾರೂ ಒರೆಸಲೇ ಇಲ್ವಲ್ಲ," ಎಂದು ಅಧ್ಯಕ್ಷರು ಚಿಗುಸಾಗೆ ಹೇಳಿದರು.

"ಒರೆಸಬಾರ್ದು ಅಂತಾನೇ ತೆಗೆದಿದ್ದು."

"ಸರಿ ಸರಿ. ಕೊನೇಲಿ ಒಂಚೂರು ಒರೆಸಿಬಿಡಿ. ನೋಡೋರಿಗೂ ಸಮಾಧಾನ."

ಚಿಗುಸಾ ಒಪ್ಪಲಿಲ್ಲ. ಬೇರೆ ಊರುಗಳು ಆಗಲೇ ಬೇಡವೆಂದಿದ್ದವು. ಇಲ್ಲೂ ತಪ್ಪಿದರೆ ವಿಡಿಯೊವನ್ನು ಯಾರೂ ನೋಡುವಂತಿರಲಿಲ್ಲ. ಆದರೂ ಏನನ್ನೂ ಸೇರಿಸುವುದಿಲ್ಲ, ಕತ್ತರಿಸುವುದಿಲ್ಲ ಎಂದಳು.

ಸಮಿತಿಗೆ ಕಲಾವಿದರ ಸ್ವಾತಂತ್ರ್ಯದಲ್ಲಿ ನಂಬಿಕೆಯಿತ್ತು. ನಿರ್ಣಯವಾಯಿತು: "ವಿಡಿಯೊವನ್ನು ಇದ್ದಂತೆಯೇ ತೋರಿಸತಕ್ಕದ್ದು. ಅದು ಮುಗಿದಾಗಲೆಲ್ಲ ಮಹಿಳಾ ಸಿಬ್ಬಂದಿಯೊಬ್ಬರು ಪರದೆಯ ಕೆಳಗಿನ ನೆಲವನ್ನು ಒರೆಸಿ, ವೀಕ್ಷಕರಿಗೆ ತಲೆಬಾಗಿ ಕ್ಷಮೆ ಕೋರತಕ್ಕದ್ದು."

"ನೆಲ ಒಣಗೇ ಇರತ್ತಲ್ಲ?" ಎಂದಳು ಚಿಗುಸಾ.

"ಹಾಗಾದ್ರೆ ಒರೆಸೋದು ಸುಲಭ."

"ಗಂಡಸರು ಯಾರಾದ್ರೂ ಒರೆಸಲಿ."

ತೊಕುನಾಗಾ ಮತ್ತೆ ಕಣ್ಣು ಮುಚ್ಚಿದರು. "ಗಂಡಸು ಒರೆಸಿದ್ರೆ ಜನ ಅದನ್ನ ಕಲೆ ಅಂದ್ಕೋತಾರಮ್ಮ."

ಕೆಲಸ ಇಕುಯೊಗೆ ಬಂತು. ವಿಡಿಯೊ ಮುಗಿದ ಮೇಲೆ ಜನ ಚಡಪಡಿಸುತ್ತ ನಿಲ್ಲುತ್ತಿದ್ದರು. ಇಕುಯೊ ಒರೆಸಿ ತಲೆಬಾಗಿದ ಮೇಲೆ ಉಸಿರು ಬಿಟ್ಟು ಚಪ್ಪಾಳೆ ತಟ್ಟುತ್ತಿದ್ದರು. ಸ್ಥಳೀಯ ಪತ್ರಿಕೆ ಒರೆಸುವ ಭಾಗ ಮನಕಲಕುವಂತಿದೆ ಎಂದು ಬರೆಯಿತು. ಬಗ್ಗಿಸುವ ಭಾಗ ಸ್ವಲ್ಪ ಉದ್ದವಾಯಿತಂತೆ.

ಒಂದು ದಿನ ಮಂಡಿ ಊದಿದ್ದರಿಂದ ಇಕುಯೊ ರಜೆ ಹಾಕಿದಳು. ವಿಡಿಯೊ ಮುಗಿಯಿತು. ಕ್ಷಮೆ ಕೇಳಿಸಿಕೊಳ್ಳದೆ ಹೊರಡುವುದು ಮರ್ಯಾದೆಯಲ್ಲವೆಂದು ಯಾರೂ ಕದಲಲಿಲ್ಲ.

ಇವತ್ತೊಂದು ದಿನ ಒರೆಸುವುದು ಬೇಡವೆಂದು ಚಿಗುಸಾ ಅಧ್ಯಕ್ಷರನ್ನು ಕೇಳಿಕೊಂಡಳು.

"ಆಗ್ಲಿ. ಹಾಗಾದ್ರೆ ವಿಡಿಯೊನೂ ಬೇಡ. ನಿರ್ಣಯ ಎರಡಕ್ಕೂ ಸೇರಿಸಿ ಆಗಿರೋದು."

ಚಿಗುಸಾ ಜನರನ್ನು ನೋಡಿದಳು, ಪರದೆಯನ್ನು ನೋಡಿದಳು. ಒರೆಸುವ ಬಟ್ಟೆ ತೆಗೆದುಕೊಂಡು ಮಂಡಿಯೂರಿದಳು. ಅಂದಿನ ಚಪ್ಪಾಳೆ ಎಂದಿಗಿಂತ ಜೋರಾಗಿತ್ತು.

ಕಲಾಮಂದಿರ ಆ ಕೃತಿಯನ್ನು ಶಾಶ್ವತ ಸಂಗ್ರಹಕ್ಕೆ ಸೇರಿಸಿಕೊಂಡಿತು. ಏನನ್ನೂ ಕತ್ತರಿಸಿಲ್ಲ. ಗೋಡೆಯ ಫಲಕದಲ್ಲಿ ಕೃತಿಯ ಸಾಮಗ್ರಿ ಹೀಗಿದೆ: ವಿಡಿಯೊ, ಬಣ್ಣ, ಧ್ವನಿ, ಬಟ್ಟೆ ಒಂದು, ಹೆಂಗಸು ಒಬ್ಬಳು.

ಚಿಗುಸಾ ಮಂಗಳವಾರದಿಂದ ಭಾನುವಾರದ ತನಕ ಬರುತ್ತಾಳೆ. ಸೋಮವಾರ ಕಲಾಮಂದಿರಕ್ಕೆ ರಜೆ.