ಆರದ ದೀಪದ ಉಸ್ತುವಾರಿ

ನಿಯಾನ್ ದೀಪ ಆರುವುದಿಲ್ಲ ಎಂದು ಅವ್ವನಿಗೆ ಬೇಕಾದರೆ ಬರೆದುಕೊಡಲೂ ನಾನು ಸಿದ್ಧಳಿದ್ದೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ವರ್ಷ ಅದು. ಇಂಥ ಧೈರ್ಯ ಆಗ ಮಾತ್ರ ಇರುತ್ತದೆ.

ತೆಲಂಗಾಣ ಹೊಸದಾಗಿ ರಾಜ್ಯವಾಗಿತ್ತು. ಅಣ್ಣ ಕರ್ನೂಲಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅವನು ಈ ಕಡೆ ತೆಲಂಗಾಣಕ್ಕೆ ಬರುವನೋ, ಆಂಧ್ರದಲ್ಲೇ ಉಳಿಯುವನೋ ಎಂಬ ಆದೇಶ ಬರಬೇಕಿತ್ತು. ಮಕ್ತಲಿನ ನಮ್ಮ ಮನೆಯಲ್ಲಿ ಅವ್ವ ಮನೆದೇವರು ಬೀರಪ್ಪನ ಮುಂದೆ ಎಣ್ಣೆದೀಪ ಹಚ್ಚಿ, ಆದೇಶ ಬರುವವರೆಗೆ ಆರಬಾರದು ಎಂದು ಹರಕೆ ಹೊತ್ತಳು. ಅಂದಿನಿಂದ ಬತ್ತಿ ಸರಿಸುವುದು, ಎಣ್ಣೆ ಹಾಕುವುದು, ಬಾಗಿಲು ತೆರೆದವರನ್ನು ಬೈಯುವುದು. ನಿದ್ದೆ ಎಂಬುದೇ ಇಲ್ಲ!

ಅವಳ ಪಾಡು ನೋಡಲಾರದೆ ನಾನು ನಾರಾಯಣಪೇಟೆಯಿಂದ ಜ್ವಾಲೆಯ ಆಕಾರದ ಒಂದು ನಿಯಾನ್ ಬಲ್ಬು ತಂದೆ.

"ಇದರಾಗ ಬತ್ತಿ ಇಲ್ಲ, ತಂತಿ ಇಲ್ಲ, ಸುಟ್ಟುಹೋಗಾಕ ಏನೂ ಇಲ್ಲ," ಎಂದು ಉಪನ್ಯಾಸ ಆರಂಭಿಸಿದೆ. "ಎರಡು ಲೋಹದ ತುಂಡು, ನಡುವ ಒಂಚೂರು ನಿಯಾನ್ ಅನ್ನೋ ಗಾಳಿ. ಕರೆಂಟ್ ಹರದ್ರ ಆ ಗಾಳಿನ ಕೆಂಪಗ ಬೆಳಗತೈತಿ. ಲಂಡನ್ನಿನಾಗ ಇಬ್ಬರು ವಿಜ್ಞಾನಿಗಳು ಗಾಳಿನ ತಣ್ಣಗ ಮಾಡಿ ನೀರಿನಂಗ ಕರಗಿಸಿ, ಮೆಲ್ಲಕ ಕುದಿಸಿ ಇದನ್ನ ಬ್ಯಾರೆ ತಗದ್ರು. ಆಮ್ಯಾಲೆ ಪ್ಯಾರಿಸಿನವ್ರು ಗಾಜಿನ ಕೊಳವ್ಯಾಗ ತುಂಬಿ ದುಕಾನದ ಬೋರ್ಡು ಮಾಡಿದ್ರು."

"ಗಾಳ್ಯಾಗಿಂದ ದೀಪ ತಗದ್ರೇನು?" ಅವ್ವ ಬಲ್ಬನ್ನು ಅನುಮಾನದಿಂದ ತಿರುಗಿಸಿ ನೋಡಿದಳು. "ನಮ್ಮನ್ಯಾಗ ಗಾಳಿ ದೀಪ ಆರಸತೈತಲ್ಲಬೇ!"

"ಇದನ್ನ ಆರಸಂಗಿಲ್ಲ."

"ಕರೆಂಟ್ ಹೋದ್ರ?"

"ಇನ್ವರ್ಟರ್ ಐತಿ."

ಎಣ್ಣೆದೀಪ ಉರಿಯುತ್ತಿದ್ದಾಗಲೇ ಪಕ್ಕದಲ್ಲಿ ನಿಯಾನ್ ಹೊತ್ತಿಸಿದೆವು. ಆಮೇಲೆ ಅವ್ವ ಹೂವಿನಿಂದ ಎಣ್ಣೆದೀಪವನ್ನು ಶಾಂತ ಮಾಡಿದಳು. ಅಧಿಕಾರ ಹಸ್ತಾಂತರ ಸುಸೂತ್ರವಾಗಿ ನೆರವೇರಿತು. ಮರುದಿನ ಬೆಳಿಗ್ಗೆ ಅವ್ವ ತನ್ನ ತಂಗಿಯ ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ಕೆ ಮಾಗನೂರಿಗೆ ಹೊರಟಳು. ದೀಪದ ಸಂಪೂರ್ಣ ಉಸ್ತುವಾರಿ ನನ್ನದು!

ನಮ್ಮ ದೇವರ ಕೋಣೆಗೆ ಕಿಟಕಿ ಇಲ್ಲ. ಬಾಗಿಲು ಮುಚ್ಚಿದರೆ ಹಗಲಲ್ಲೂ ಕಗ್ಗತ್ತಲು. ನಾನು ಬಾಗಿಲು ಮುಚ್ಚಿಕೊಂಡು ದೀಪದ ಮುಂದೆ ಕಾವಲು ಕೂತಿದ್ದೆ. ನಿಯಾನ್‌ಗೆ ಗಾಳಿಯ ಭಯವಿಲ್ಲ, ಗೊತ್ತು. ಆದರೂ ಇರಲಿ ಎಂದು.

ಮಧ್ಯಾಹ್ನ ಕರೆಂಟ್ ಹೋಯಿತು. ದೀಪ ಆರಿತು. ಇನ್ವರ್ಟರ್ ಟಕ್ ಎಂದಿತು. ಪಡಸಾಲೆಯಲ್ಲಿ ಫ್ಯಾನು ತಿರುಗಿದ ಸದ್ದು ಕೇಳಿಸಿತು. ದೀಪ ಹೊತ್ತಲಿಲ್ಲ!

ಕತ್ತಲಲ್ಲೇ ತಡಕಾಡಿ ಬಲ್ಬನ್ನು ಬಿಗಿ ಮಾಡಿದೆ. ಪ್ಲಗ್ ಕಿತ್ತು ಮತ್ತೆ ಹಾಕಿದೆ. ಆ ಭರದಲ್ಲಿ ಬೀರಪ್ಪನ ಭಂಡಾರದ ಬಟ್ಟಲಿಗೆ ಮೊಣಕೈ ತಾಗಿ, ಅರಿಶಿನವೆಲ್ಲ ನನ್ನ ಮುಖಕ್ಕೆ ಅಭಿಷೇಕವಾಯಿತು.

ನನ್ನ ಸೀನು ಕೇಳಿ ಪಕ್ಕದ ಮನೆಯ ಮಲ್ಲಮ್ಮ ಅತ್ತೆ ಬಂದು ಬಾಗಿಲು ನೂಕಿದರು. ಆ ಕ್ಷಣವೇ ದೀಪ ಹೊತ್ತಿತು!

"ಇದೇನಬೇ, ಒಬ್ಬಾಕಿನ ಭಂಡಾರ ಆಡಾಕತ್ತಿಯೇನು?"

"ದೀಪ ಆರಿತ್ತು ಅತ್ತಿ!"

"ಉರೀತೈತಲ್ಲ. ಕಣ್ಣಾಗ ಅರಿಶಿಣ ಹೋಗೈತಿ ನಿನಗ."

ಅಲ್ಲಿಗೆ ಬಿಡಬಹುದಿತ್ತು. ಆದರೆ ಕಾರಣ ತಿಳಿಯದ ಫಲಿತಾಂಶವನ್ನು ವಿಜ್ಞಾನ ಒಪ್ಪುವುದಿಲ್ಲ. ಅವರನ್ನು ಹೊರಗೆ ಕಳಿಸಿ, ಬಾಗಿಲು ಮುಚ್ಚಿ, ಖಚಿತಪಡಿಸಿಕೊಳ್ಳಲೆಂದು ಸ್ವಿಚ್ ಆರಿಸಿ ಮತ್ತೆ ಹಾಕಿದೆ.

ಹೊತ್ತಲಿಲ್ಲ! ಈ ಬಾರಿ ಆರಿಸಿದವಳು ಸ್ವತಃ ನಾನು!

ಅಷ್ಟರಲ್ಲಿ ಪಡಸಾಲೆಯಲ್ಲಿ ಫೋನ್ ಹೊಡೆದುಕೊಂಡಿತು. ಅಣ್ಣನಿಗೆಂದೇ ಬೇರೆ ಇಟ್ಟಿದ್ದ ರಿಂಗು. ಕಚೇರಿಯ ಹೊತ್ತಿನಲ್ಲಿ ಅವನು ಎಂದೂ ಫೋನ್ ಮಾಡುವವನಲ್ಲ. ಆದೇಶ ಬಂದಿದೆ!

"ನಿಮ್ಮಣ್ಣಂದೇ ಇರಬೇಕು, ಎತ್ತಬೇ!" ಮಲ್ಲಮ್ಮ ಅತ್ತೆ ಹೊರಗಿನಿಂದ ಕೂಗಿದರು.

"ಎತ್ತಂಗಿಲ್ಲ ಅತ್ತಿ!"

"ಯಾಕ?"

"ಸ್ವಲ್ಪ ತಡೀರಿ!"

ಕರ್ನೂಲಿನ ಆದೇಶಕ್ಕೂ ಮಕ್ತಲಿನ ಬಲ್ಬಿಗೂ ಯಾವ ಸಂಬಂಧವೂ ಇಲ್ಲ ಎಂದು ನಾನು ಯಾವ ಪರೀಕ್ಷೆಯಲ್ಲಾದರೂ ಬರೆಯಬಲ್ಲೆ. ಆದರೂ ದೀಪ ಆರಿರುವಾಗ ಆ ಫೋನ್ ಎತ್ತುವ ಧೈರ್ಯ ನನಗೆ ಬರಲಿಲ್ಲ. ವಿಜ್ಞಾನ ಕೈಬಿಟ್ಟು ಎಣ್ಣೆದೀಪ ಹಚ್ಚಲೆಂದು ಕಡ್ಡಿ ಗೀರಿದೆ.

ಕಡ್ಡಿಯ ಬೆಳಕು ಬಿದ್ದದ್ದೇ ತಡ, ನಿಯಾನ್ ಝಗ್ಗನೆ ಹೊತ್ತಿತು!

ಆಗ ನೆನಪಾಯಿತು. ಇಂಥ ಕೆಲವು ದೀಪಗಳು ಗಾಢ ಕತ್ತಲಲ್ಲಿ ಹೊತ್ತಲು ಹಿಂದೇಟು ಹಾಕುತ್ತವೆ. ಒಳಗಿನ ಲೋಹದಿಂದ ಮೊದಲ ಕಣಗಳನ್ನು ಎಬ್ಬಿಸಲು ಹೊರಗಿನ ಬೆಳಕು ಒಂದಿಷ್ಟು ಬೇಕು. ಎರಡು ಅಂಕದ ಪ್ರಶ್ನೆ. ಬಂದಿತ್ತು, ಬರೆದಿದ್ದೆ ಕೂಡ. ಅರ್ಥಾತ್, ನಾನು ತಂದದ್ದು ಕತ್ತಲಿಗೆ ಹೆದರುವ ದೀಪ!

ಎಣ್ಣೆದೀಪವನ್ನೂ ಹಚ್ಚಿಟ್ಟು ಓಡಿಹೋಗಿ ಫೋನ್ ಎತ್ತಿದೆ.

"ಸತ್ತಿದ್ದೇನಬೇ? ಗದ್ವಾಲಕ್ಕ ಹಾಕ್ಯಾರ ನನಗ, ನಮ್ಮ ಕಡೀಗೇ!" ಎಂದ ಅಣ್ಣ.

ಸಂಜೆ ಅವ್ವ ಬಂದಾಗ ಬಚ್ಚಿಡಲು ಮನಸ್ಸಾಗಲಿಲ್ಲ. "ಯವ್ವಾ, ದೀಪ ಸ್ವಲ್ಪ ಹೊತ್ತು... ಆರಿತ್ತು."

"ಆರತೈತಂತ ಗೊತ್ತಿತ್ತು ಬಿಡು," ಎಂದು ಅವ್ವ ಸೆರಗಿನಿಂದ ನನ್ನ ಕಿವಿಯ ಹಿಂದಿನ ಅರಿಶಿನ ಒರೆಸಿದಳು. "ನಮ್ಮ ಎಣ್ಣಿ ದೀಪ ಶಾಂತ ಮಾಡೋ ಮೊದಲ ಅದರಾಗಿಂದ ಇನ್ನೊಂದು ಹಚ್ಚಿ ಮಲ್ಲಮ್ಮನ ಕೈಗೆ ಕೊಟ್ಟಿದ್ದೆ. ಅಕಿ ಮನ್ಯಾಗ ಇನ್ನೂ ಉರೀಲಿಕತ್ತೈತಿ."

"ಹಂಗಾದ್ರ ನನ್ನ ಓದಿನ ಮ್ಯಾಲೆ ನಿನಗ ನಂಬಿಕಿ ಇರಲಿಲ್ಲೇನು?"

"ಐತಿ ತಾಯಿ, ಯಾಕಿಲ್ಲ! ಆದ್ರ ಇದು ನಿಮ್ಮಣ್ಣನ ನೌಕರಿ ಮಾತಲ್ಲೇನು?"

ನಾನು ಎದ್ದು ಹೋಗಿ ನಿಯಾನ್ ದೀಪದ ಸ್ವಿಚ್ ಆರಿಸಿದೆ. ಇಡೀ ದಿನದಲ್ಲಿ ನಾನು ಅಂದುಕೊಂಡಂತೆ ನಡೆದ ಕೆಲಸ ಅದೊಂದೇ!